ಕಣ್ಣಿಗಿಂತ ಮೊದಲು ಪೆಟ್ಟಿಗೆ

2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮದೇ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಗೆ ಕನ್ನ ಹಾಕಿದವರು 17 ಕೆ.ಜಿ.ಗೂ ಹೆಚ್ಚು ಅಡವಿನ ಚಿನ್ನ ದೋಚಿದರು. ಹೋಗುವಾಗ ಸಿಸಿಟಿವಿ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು. ದಾವಣಗೆರೆ ಪೊಲೀಸರು ಐದು ತಿಂಗಳು ಬೆನ್ನುಹತ್ತಿ, ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯಿಂದ ಆ ಚಿನ್ನ ಮೇಲೆತ್ತಿದ್ದು ದೊಡ್ಡ ಸಾಹಸ. ಮನೆಗೆ ಕ್ಯಾಮೆರಾ ಹಾಕಿಸಲು ಹೊರಟವರು ಮಾತ್ರ ಆ ಪೆಟ್ಟಿಗೆಯ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇದೇ ಜಿಲ್ಲೆಯ ಭಾನುವಳ್ಳಿ, ಮಲೇಬೆನ್ನೂರು ಸೀಮೆಯಲ್ಲಿ ಅಡಿಕೆ ಒಣಹಾಕಿದ ಕಣಕ್ಕೂ ಟ್ರ್ಯಾಕ್ಟರ್ ನಿಲ್ಲುವ ಅಂಗಳಕ್ಕೂ ಕಾವಲು ಬೇಕು. ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ರೆಕಾರ್ಡರನ್ನು ಮಾತ್ರ ಪಡಸಾಲೆಯ ಟಿವಿ ಕೆಳಗೆ, ಬಂದವರಿಗೆಲ್ಲ ಕಾಣುವಂತೆ ಇಡುತ್ತಾರೆ. ಅದು ಅಟ್ಟದ ಮೇಲೋ ಬೀಗವಿರುವ ಕೋಣೆಯಲ್ಲೋ ಇರಲಿ. ಮುಖ್ಯ ದೃಶ್ಯಗಳ ಇನ್ನೊಂದು ಪ್ರತಿ ಬೇರೆ ಊರಿನ ಮಗನ ಮನೆಗೋ ಕ್ಲೌಡ್‌ಗೋ ಆಗಿಂದಾಗಲೇ ಹೋಗುತ್ತಿರಲಿ. ಲೆಕ್ಕವೂ ಗೊತ್ತಿರಲಿ: ತಲಾ 2 ಎಂಬಿಪಿಎಸ್ ವೇಗದ ನಾಲ್ಕು ಕ್ಯಾಮೆರಾ ಹಗಲು ರಾತ್ರಿ ಓಡಿದರೆ ದಿನಕ್ಕೆ ಸುಮಾರು 86 ಜಿಬಿ. ಒಂದು ಟೆರಾಬೈಟ್ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬುತ್ತದೆ, ಆಮೇಲೆ ಹಳೆಯದು ಅಳಿಯುತ್ತ ಹೋಗುತ್ತದೆ.

ಕ್ಯಾಮೆರಾ, ದೀಪ ಎಲ್ಲವನ್ನೂ ಒಂದೆಡೆಯಿಂದ ನಡೆಸಲು ನನಗೆ ಅಚ್ಚುಮೆಚ್ಚಿನದು ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ 2013ರಲ್ಲಿ ಶುರುಮಾಡಿದ ಈ ಮುಕ್ತ ತಂತ್ರಾಂಶ ರಾಸ್ಪ್‌ಬೆರಿ ಪೈ ಅಥವಾ ಹಳೆಯ ಸಣ್ಣ ಕಂಪ್ಯೂಟರಿನಲ್ಲಿ, ನಿಮ್ಮ ಸೂರಿನಡಿಯೇ ನಡೆಯುತ್ತದೆ. ಇಂಟರ್ನೆಟ್ ಹೋದರೂ ಮನೆಯೊಳಗಿನ ಕೆಲಸ ನಿಲ್ಲುವುದಿಲ್ಲ. ಅದರ ಜೊತೆ ಫ್ರಿಗೇಟ್ ಎಂಬ ರೆಕಾರ್ಡರ್ ತಂತ್ರಾಂಶ ಸೇರಿಸಿದರೆ, ಚಿತ್ರದಲ್ಲಿರುವುದು ಮನುಷ್ಯನೋ ನಾಯಿಯೋ ವಾಹನವೋ ಎಂದು ಅದು ಗುರುತಿಸುತ್ತದೆ. ಬರೀ ಚಲನೆ ಕಂಡು ಕೂಗುವ ಕ್ಯಾಮೆರಾ ಅಡಿಕೆ ಸೋಗೆ ಅಲುಗಿದರೂ ಫೋನಿಗೆ ಸದ್ದು ಕಳಿಸುತ್ತದೆ. ವಾರದೊಳಗೆ ಮನೆಯವರು ಆ ಸದ್ದನ್ನೇ ನಿಲ್ಲಿಸಿಬಿಡುತ್ತಾರೆ. ರಾತ್ರಿ ಹನ್ನೊಂದರ ನಂತರ ಕಣದಲ್ಲಿ ಮನುಷ್ಯ ಕಂಡರೆ ಮಾತ್ರ ಫ್ಲಡ್‌ಲೈಟ್ ಹೊತ್ತಲಿ, ಆಮೇಲೆ ಫೋನಿಗೆ ಚಿತ್ರ ಬರಲಿ, ಇಷ್ಟು ಹೇಳಿಕೊಟ್ಟರೆ ಸಾಕು. ಸೈರನ್‌ಗಿಂತ ಬೆಳಕನ್ನೇ ನಾನು ನಂಬುತ್ತೇನೆ. ಕತ್ತಲನ್ನು ನೆಚ್ಚಿ ಬಂದವನಿಗೆ ಬೆಳಕೇ ದೊಡ್ಡ ಅಡ್ಡಿ, ಮಲಗಿದ ಮಗುವಿಗೆ ಅದರಿಂದ ತೊಂದರೆಯೂ ಇಲ್ಲ.

ಕ್ಯಾಮೆರಾ ಕೊಳ್ಳುವಾಗ ಓನ್‌ವಿಫ್ ಮತ್ತು ಆರ್‌ಟಿಎಸ್‌ಪಿ ಎಂಬ ಸಾಮಾನ್ಯ ಸಂಪರ್ಕ ಮಾನದಂಡಗಳು ಎರಡೂ ಇವೆಯೇ ನೋಡಿ. ಇಲ್ಲದಿದ್ದರೆ ಆ ಕಂಪನಿಯ ಆ್ಯಪ್ ಬಿಟ್ಟು ಬೇರೆಯದರ ಜೊತೆ ಅದು ಮಾತಾಡುವುದು ಕಷ್ಟ. ವೈಫೈಗಿಂತ ತಂತಿ ಮೇಲು: ಪಿಒಇ ಇದ್ದರೆ ಒಂದೇ ಕೇಬಲಿನಲ್ಲಿ 100 ಮೀಟರ್‌ವರೆಗೆ ಕರೆಂಟೂ ಚಿತ್ರವೂ ಹೋಗುತ್ತವೆ. ಆ ಕೇಬಲಿಗೆ ಕರೆಂಟು ಕೊಡುವ ಸ್ವಿಚ್, ರೂಟರ್, ರೆಕಾರ್ಡರ್ ಮೂರನ್ನೂ ಯುಪಿಎಸ್‌ಗೆ ಜೋಡಿಸಿ, ಕರೆಂಟು ಹೋದ ಹೊತ್ತಲ್ಲೇ ಕಾವಲು ಹೆಚ್ಚು ಬೇಕು. ಗದ್ದೆಯ ಬದಿಯಲ್ಲಿ ಇನ್ನೊಂದು ಪೀಡೆ ಇದೆ. ಕ್ಯಾಮೆರಾದ ಇನ್‌ಫ್ರಾರೆಡ್ ದೀಪದ ಸುತ್ತ ಹುಳು ಮುತ್ತುತ್ತವೆ, ಹಿಂದೆಯೇ ಜೇಡ ಬಲೆ ಕಟ್ಟುತ್ತದೆ, ಬೆಳಗಾಗುವವರೆಗೆ ಬರೀ ಬಿಳಿ ಎಳೆಗಳೇ ರೆಕಾರ್ಡ್ ಆಗಿರುತ್ತವೆ. ಒಳಗಿನ ದೀಪ ಆರಿಸಿ, ಐದಾರು ಅಡಿ ದೂರಕ್ಕೆ ಬೇರೆ ಇನ್‌ಫ್ರಾರೆಡ್ ದೀಪ ಹಾಕಿದರೆ ಚಿತ್ರ ತಿಳಿಯಾಗುತ್ತದೆ.

ಪಕ್ಕದ ಮನೆಯ ಅಂಗಳ, ಹಿತ್ತಲಿನ ಬಚ್ಚಲ ಬಾಗಿಲು ಚೌಕಟ್ಟಿನಲ್ಲಿ ಬರಲೇಕೂಡದು. ಬಂದರೆ ಆ ಭಾಗ ಕಾಣದಂತೆ ಮಾಸ್ಕ್ ಹಾಕಿ. 2025ರ ಫೆಬ್ರುವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿಯಿಂದ ಕದ್ದ, ಹೆಣ್ಣುಮಕ್ಕಳ ತಪಾಸಣೆಯ ದೃಶ್ಯಗಳು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿದ್ದುದು ಬಯಲಾಯಿತು. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಹಾಗೇ ಬಿಟ್ಟವರ ಮನೆಯೂ ಅಷ್ಟೇ ತೆರೆದಿರುತ್ತದೆ. ಕ್ಯಾಮೆರಾಗಳನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆಯಬೇಡಿ, ಹೊರಗಿನಿಂದ ನೋಡಲು ವಿಪಿಎನ್ ಬಳಸಿ. ಜೋಡಿಸಲು ಬಂದ ಹುಡುಗ ಏಣಿ ಮಡಚುವ ಮುಂಚೆಯೇ ಎಲ್ಲ ಪಾಸ್‌ವರ್ಡ್‌ಗಳನ್ನೂ ನೀವೇ ಕೂತು ಬದಲಿಸಿಕೊಳ್ಳಿ.