‘ಗುಡ್ ಟೈಮ್ಸ್’: ಕುಣಿತದ ಹಾಡೊಂದರ ವಿಚಾರ

ಕುಣಿಯುವುದಕ್ಕಾಗಿ ಹುಟ್ಟಿದ ಹಾಡು ಕುಣಿತ ಮುಗಿದೊಡನೆ ತಾನೂ ಮುಗಿದುಹೋಗುವುದೆಂಬುದು ಲೋಕರೂಢಿಯಾದ ಮಾತು. ಕಾಲಿಗೆ ಒಪ್ಪುವ ಹಾಡಿನಲ್ಲಿ ಮನಸ್ಸಿಗೆ ದೊರಕುವುದು ಏನಿದ್ದೀತು ಎಂದು ಕೇಳುವವರು ಪಂಡಿತರಲ್ಲಿಯೂ ಉಂಟು, ಪಾಮರರಲ್ಲಿಯೂ ಉಂಟು. ಆದರೆ ಯಾವುದೊಂದು ಕೃತಿಯನ್ನು ಅದರ ಕುಲವನ್ನು ಕೇಳಿ ತಳ್ಳಿಬಿಡುವುದು ವಿಮರ್ಶೆಯಲ್ಲ; ಅದು ಏನನ್ನು ಸಾಧಿಸಲು ಹೊರಟಿತು, ಎಷ್ಟನ್ನು ಸಾಧಿಸಿತು ಎಂದು ನೋಡುವುದು ವಿಮರ್ಶೆ. ಅಮೆರಿಕದ ನ್ಯೂಯಾರ್ಕ್ ನಗರದ ‘ಶೀಕ್’ ಎಂಬ ವಾದ್ಯಮೇಳದವರು 1979ರಲ್ಲಿ ಹೊರತಂದ ‘ಗುಡ್ ಟೈಮ್ಸ್’ ಎಂಬ ಹಾಡು ಇಂಥ ಪರೀಕ್ಷೆಗೆ ತಕ್ಕ ವಸ್ತುವಾಗಿದೆ. ‘ಒಳ್ಳೆಯ ದಿನಗಳು’ ಎಂದು ಆ ಹೆಸರಿನ ಅರ್ಥ. ಅದು ಹೊರಬಂದ ದಿನಗಳಾದರೋ ಒಳ್ಳೆಯವಾಗಿರಲಿಲ್ಲ. ಹಾಡಿನ ಸ್ವಾರಸ್ಯವೆಲ್ಲವೂ ಈ ವೈಷಮ್ಯದಲ್ಲಿಯೇ ಅಡಗಿದೆ.

ಮೇಳದ ಮುಖ್ಯರು ಇಬ್ಬರು. ಗಿಟಾರು ನುಡಿಸುತ್ತಿದ್ದವರು ನೈಲ್ ರಾಡ್ಜರ್ಸ್. ಮಂದ್ರಸ್ಥಾಯಿಯ ಬೇಸ್ ಗಿಟಾರನ್ನು ನುಡಿಸುತ್ತಿದ್ದವರು ಬರ್ನಾರ್ಡ್ ಎಡ್ವರ್ಡ್ಸ್. ಇಬ್ಬರೂ 1952ರಲ್ಲಿ ಹುಟ್ಟಿದವರು, ಆಫ್ರಿಕದ ಮೂಲದ ಅಮೆರಿಕನ್ನರು. ರಾಡ್ಜರ್ಸ್ ತಮ್ಮ ಎಳೆಯ ವಯಸ್ಸಿನಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಪಕ್ಷದಲ್ಲಿ ದುಡಿದವರು. ಹಾರ್ಲೆಮ್ಮಿನ ಅಪೋಲೋ ರಂಗಮಂದಿರದ ವಾದ್ಯಗೋಷ್ಠಿಯಲ್ಲಿ ಪಳಗಿದವರು. ಜಾಝ್ ಸಂಗೀತದ ಸಂಸ್ಕಾರವೂ ಅವರಿಗೆ ಇದ್ದಿತು. ಇವರಿಬ್ಬರೊಡನೆ ಡ್ರಮ್ಮು ಬಾರಿಸುವ ಟೋನಿ ಥಾಂಪ್ಸನ್ ಸೇರಿ ಮೇಳವು ಪೂರ್ಣವಾಯಿತು. ಇವರು ಕೈಗೆತ್ತಿಕೊಂಡದ್ದು ಡಿಸ್ಕೋ ಮತ್ತು ಫಂಕ್ ಎಂಬ ಎರಡು ಸಂಪ್ರದಾಯಗಳ ಬೆರಕೆ. ಡಿಸ್ಕೋದಲ್ಲಿ ನಾಲ್ಕು ಎಣಿಕೆಯ ತಾಳದ ಪ್ರತಿಯೊಂದು ಎಣಿಕೆಗೂ ದೊಡ್ಡ ಡ್ರಮ್ಮಿನ ಒಂದೊಂದು ಪೆಟ್ಟು ತಪ್ಪದೆ ಬೀಳುವುದು. ಕುಣಿಯುವವನಿಗೆ ಅದು ಹಾಸಿದ ನೆಲವಿದ್ದಂತೆ. ಫಂಕ್ ಎಂಬುದರಲ್ಲಿ ಪೆಟ್ಟಿಗಿಂತ ಪೆಟ್ಟುಗಳ ನಡುವಣ ಎಡೆಗೆ ಹೆಚ್ಚು ಬೆಲೆ. ಒಂದು ನೆಲವನ್ನು ಕೊಡುತ್ತದೆ. ಮತ್ತೊಂದು ಆ ನೆಲದ ಮೇಲೆ ಹೆಜ್ಜೆಯ ಚಮತ್ಕಾರವನ್ನು ಕಲಿಸುತ್ತದೆ.

ಹಾಡಿನ ಧ್ವನಿಮುದ್ರಣವು ನಡೆದುದು ‘ಪವರ್ ಸ್ಟೇಷನ್’ ಎಂಬ ಮುದ್ರಣಾಲಯದಲ್ಲಿ. ಒಂದು ಕಾಲಕ್ಕೆ ವಿದ್ಯುಚ್ಛಕ್ತಿಯ ಕಂಪೆನಿಗೆ ಸೇರಿದ್ದ ಕಟ್ಟಡವದು; ಹೆಸರು ಬಂದುದೂ ಅದರಿಂದಲೇ. ಯಂತ್ರದ ಮುಂದೆ ಕುಳಿತವರು ಬಾಬ್ ಕ್ಲಿಯರ್‌ಮೌಂಟನ್. ರಾಡ್ಜರ್ಸ್ ಹೇಳಿರುವಂತೆ, ಆ ದಿನ ಎಡ್ವರ್ಡ್ಸ್ ಬರುವುದು ತಡವಾಯಿತು. ಉಳಿದವರು ಆಗಲೇ ನುಡಿಸತೊಡಗಿದ್ದರು. ಬಂದವರು ಬೇಸನ್ನು ಎತ್ತಿಕೊಂಡು ಜೊತೆಗೂಡಿದಾಗ, ವಾದ್ಯಗಳ ಗದ್ದಲದ ನಡುವೆ ರಾಡ್ಜರ್ಸ್ ಅವರಿಗೆ ‘ನಡಿಗೆ’ಯನ್ನು ನುಡಿಸುವಂತೆ ಕೂಗಿ ಹೇಳಿದರು. ಜಾಝ್ ವಾದ್ಯಗಾರರಲ್ಲಿ ನಡಿಗೆಯೆಂದರೆ ಮಂದ್ರದ ತಂತಿಯು ಒಂದು ಸ್ವರದಿಂದ ಮುಂದಿನದಕ್ಕೆ ಮೆಟ್ಟಿಲು ಹತ್ತಿದಂತೆ ಸಮಗತಿಯಲ್ಲಿ ಸಾಗುವುದು. ಡಿಸ್ಕೋದ ನೆಲದ ಮೇಲೆ ಜಾಝಿನ ಈ ನಡಿಗೆಯನ್ನು ತಂದಿರಿಸಿದುದೇ ಹಾಡಿನ ಬೀಜವಾಯಿತು.

ಆ ಬೇಸಿನ ಸಾಲನ್ನು ಒಮ್ಮೆ ಕೇಳಿದವರು ಮರೆಯಲಾರರು. ಮೊದಲು ಒಂದೇ ಸ್ವರದ ಮೇಲೆ ಮೂರು ಮೀಟು. ಬಳಿಕ ಒಂದು ಮೌನ. ಆ ಮೌನದಿಂದ ಎದ್ದು ನಡೆಯತೊಡಗುವ ಸ್ವರಗಳು. ಮೂರು ಮೀಟುಗಳು ಕಿವಿಯನ್ನು ಕರೆಯುತ್ತವೆ. ಮೌನವು ಅದನ್ನು ಕಾಯಿಸುತ್ತದೆ. ನಡಿಗೆಯು ಕಾದುದಕ್ಕೆ ಫಲವನ್ನು ಕೊಡುತ್ತದೆ. ಇಡೀ ಹಾಡು ನಿಂತಿರುವುದು ಎರಡೇ ಎರಡು ಸ್ವರಮೇಳಗಳ ಮೇಲೆ. ವೇಗವೂ ಹೆಚ್ಚಿನದಲ್ಲ: ನಿಮಿಷಕ್ಕೆ ಸುಮಾರು 110 ಎಣಿಕೆ. ಅಂದಿನ ಡಿಸ್ಕೋ ಹಾಡುಗಳಲ್ಲಿ ಅನೇಕವು ಇದಕ್ಕಿಂತ ಬಿರುಸಾಗಿ ಓಡುತ್ತಿದ್ದವು. ಇದು ಓಡದೆ ಬೀದಿಯಲ್ಲಿ ಮೈತುಂಬ ಉಟ್ಟುಕೊಂಡು ಹೊರಟವರ ಗತ್ತಿನಿಂದ ನಡೆಯುತ್ತದೆ. ರಾಡ್ಜರ್ಸ್ ಎಡಗೈಯಿಂದ ತಂತಿಗಳನ್ನು ಅರ್ಧ ಒತ್ತಿ ಅರ್ಧ ಬಿಟ್ಟು, ಬಲಗೈಯಿಂದ ಎಡೆಬಿಡದೆ ಮೀಟುವರು. ನಾದ ಕೊಂಚ, ತಂತಿಯ ಸಪ್ಪಳ ಹೆಚ್ಚು. ಗಿಟಾರು ಹೀಗೆ ಅರ್ಧ ತಾಳವಾದ್ಯವೇ ಆಗಿಬಿಡುವುದು. ಯಾರೊಬ್ಬರೂ ತಮ್ಮ ವಿದ್ಯೆಯನ್ನು ಮೆರೆಸಲು ಮುಂದೆ ನುಗ್ಗುವುದಿಲ್ಲ. ಈ ಮಿತವೇ ಹಾಡಿನ ಮೊದಲನೆಯ ಗುಣ.

ಎರಡನೆಯ ಗುಣವು ಕಾಣುವುದು ಹಾಡಿನ ದೀರ್ಘರೂಪದಲ್ಲಿ. ನ್ಯೂಯಾರ್ಕಿನ ಕುಣಿತದ ಮನೆಗಳಿಗಾಗಿ 1970ರ ದಶಕದ ನಡುವಿನಲ್ಲಿ 12 ಅಂಗುಲದ ತಟ್ಟೆಗಳಲ್ಲಿ ಒಂದೊಂದೇ ಹಾಡನ್ನು ಮುದ್ರಿಸುವ ಪದ್ಧತಿ ಹುಟ್ಟಿದ್ದಿತು. ಸ್ಥಳವು ಹೆಚ್ಚಾದುದರಿಂದ ಗೆರೆಗಳನ್ನು ಅಗಲವಾಗಿ ಕೊರೆಯಬಹುದು. ಗೆರೆ ಅಗಲವಾದಷ್ಟೂ ಮಂದ್ರದ ನಾದವು ತುಂಬಿ ಬರುವುದು. ‘ಗುಡ್ ಟೈಮ್ಸ್’ ತನ್ನ ದೀರ್ಘರೂಪದಲ್ಲಿ 8 ನಿಮಿಷಗಳಷ್ಟಿದೆ. ಅದರ ನಡುವೆ ಹಾಡುಗಾರಿಕೆ ನಿಂತು, ವಾದ್ಯಗಳು ಹಿಂದೆ ಸರಿದು, ಬೇಸು ತಾಳದೊಡನೆ ಒಂಟಿಯಾಗಿ ಉಳಿಯುತ್ತದೆ. ಆಮೇಲೆ ಗಿಟಾರು, ಪಿಯಾನೊ, ಪಿಟೀಲುಗಳು ಒಂದೊಂದಾಗಿ ಮರಳಿ ಬರುತ್ತವೆ. ಮನೆಯನ್ನು ಕಟ್ಟಿ ತೋರಿಸಿದವರು ಅದನ್ನು ಬಿಚ್ಚಿ ಅಡಿಗಲ್ಲನ್ನು ತೋರಿಸಿ ಮತ್ತೆ ಕಟ್ಟಿದ ಹಾಗೆ. ಗೃಹಸ್ಥರಿಗೂ ರೇಡಿಯೋದವರಿಗೂ ಎಂದು ಮಾಡಿದ ಸಣ್ಣ ತಟ್ಟೆಯಲ್ಲಿ ಹಾಡು 4 ನಿಮಿಷಕ್ಕೂ ಕಡಿಮೆ. ಅಲ್ಲಿ ಈ ಭಾಗಕ್ಕೆ ಬೇಕಾದ ಅವಕಾಶವಿಲ್ಲ. ಆದಕಾರಣ ಸಣ್ಣ ತಟ್ಟೆಯನ್ನು ಮಾತ್ರ ಕೇಳಿದವರು ಹಾಡಿನ ಮುಖವನ್ನು ಕಂಡರೇ ಹೊರತು ಅದರ ಮೈಕಟ್ಟನ್ನು ಕಾಣಲಿಲ್ಲ.

ಇನ್ನು ಮಾತಿನ ವಿಚಾರ. ಹಾಡು ಪಲ್ಲವಿಯಿಂದಲೇ ತೊಡಗುವುದು. ಒಳ್ಳೆಯ ದಿನಗಳು ಬಂದಿವೆ ಎಂಬುದೇ ಪಲ್ಲವಿಯ ಸಾರ. ಚರಣಗಳಲ್ಲಿ ಚಿಪ್ಪುಮೀನಿನ ಊಟದ ಮಾತೂ ಗಾಲಿಯ ಬೂಟುಗಳ ಮಾತೂ ಬರುತ್ತವೆ. ಮೇಲುನೋಟಕ್ಕೆ ಇದು ನಿಶ್ಚಿಂತರ ವಿಲಾಸದ ಹಾಡು. ಆದರೆ ಆ ವರ್ಷದ ಸ್ಥಿತಿಯನ್ನು ನೆನೆಯಬೇಕು. 1979ರಲ್ಲಿ ಅಮೆರಿಕದಲ್ಲಿ ಬೆಲೆಗಳು ನೂರಕ್ಕೆ 11ಕ್ಕಿಂತಲೂ ಹೆಚ್ಚಾಗಿ ಏರಿದವು. ಇರಾನಿನ ಕ್ರಾಂತಿಯ ತರುವಾಯ ಎಣ್ಣೆಯ ಅಭಾವವುಂಟಾಗಿ ಪೆಟ್ರೋಲಿಗೆ ಮೋಟಾರುಗಳು ಸಾಲುಗಟ್ಟಿ ನಿಂತವು. ಜುಲೈ 15ರಂದು ಅಧ್ಯಕ್ಷ ಕಾರ್ಟರರು ದೇಶದ ಆತ್ಮವಿಶ್ವಾಸವೇ ಕುಗ್ಗಿದೆಯೆಂದು ಜನರನ್ನು ಕುರಿತು ಭಾಷಣ ಮಾಡಿದರು. ಇಂಥ ಕಾಲದಲ್ಲಿ ಒಳ್ಳೆಯ ದಿನಗಳೆಂದು ಹಾಡುವುದು ಒಂದೋ ಕುರುಡು, ಇಲ್ಲವೇ ಬೇರೊಂದು ಅಭಿಪ್ರಾಯವುಳ್ಳದ್ದು. 1929ರ ‘ಹ್ಯಾಪಿ ಡೇಸ್ ಆರ್ ಹಿಯರ್ ಎಗೇನ್’ ಎಂಬ ಹಾಡು 1932ರ ಚುನಾವಣೆಯಲ್ಲಿ ರೂಸ್‌ವೆಲ್ಟರ ಪಕ್ಷದ ಹಾಡಾಗಿದ್ದಿತು. ಆಗ ದೇಶದಲ್ಲಿ ಉದ್ಯೋಗವೂ ಇರಲಿಲ್ಲ, ಹಣವೂ ಇರಲಿಲ್ಲ. ಆ ದುರ್ಭಿಕ್ಷಕಾಲದ ಹಾಡುಗಳ ನೆನಪನ್ನು ಎಬ್ಬಿಸಬೇಕೆಂಬುದೇ ತಮ್ಮ ಉದ್ದೇಶವಾಗಿತ್ತೆಂದು ರಾಡ್ಜರ್ಸ್ ತಿಳಿಸಿದ್ದಾರೆ. ಈ ಮೇಳದವರು 1977ರಲ್ಲಿ ಹೊರತಂದ ಮೊದಲನೆಯ ಹಾಡಿನಲ್ಲಿಯೂ 1930ರ ದಶಕದ ಕುಣಿತದ ಪಂದ್ಯಗಳ ಕೂಗು ಕೇಳಿಬರುವುದು. ಕೆಲಸವಿಲ್ಲದ ಬಡವರು ಊಟಕ್ಕೂ ಬಹುಮಾನಕ್ಕೂ ಆಸೆಪಟ್ಟು ದಿನಗಟ್ಟಲೆ ಕುಣಿದ ಪಂದ್ಯಗಳವು. ಪ್ರತಿಯೊಂದು ಹಾಡಿನಲ್ಲಿಯೂ ಒಂದು ಗೂಢಾರ್ಥವಿರತಕ್ಕದ್ದೆಂಬುದು ರಾಡ್ಜರ್ಸ್ ಮತ್ತು ಎಡ್ವರ್ಡ್ಸ್ ತಮಗೆ ತಾವೇ ಹಾಕಿಕೊಂಡ ನಿಯಮ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಕರ್ತೃವು ಬಂದು ಬಿಡಿಸಿ ಹೇಳಿದ ಮೇಲೆ ಮಾತ್ರ ತಿಳಿಯುವ ಅರ್ಥವು ಧ್ವನಿಯೆನಿಸುವುದೇ? ಆನಂದವರ್ಧನನ ಮತದಲ್ಲಿ ವ್ಯಂಗ್ಯಾರ್ಥವು ಕೃತಿಯಿಂದಲೇ ಹೊಮ್ಮಬೇಕು, ಹೊರಗಿನ ಟಿಪ್ಪಣಿಯಿಂದಲ್ಲ. ಮಾತುಗಳನ್ನಷ್ಟೇ ಕಾಗದದ ಮೇಲೆ ಓದಿದರೆ ಈ ಆಕ್ಷೇಪಣೆಯನ್ನು ತಳ್ಳಿಹಾಕಲು ಬರುವುದಿಲ್ಲ. ಚರಣಗಳು ತೆಳು, ಕೆಲವು ಕಡೆ ಪ್ರಾಸಕ್ಕಾಗಿ ತಂದ ಪದಗಳೂ ಇವೆ. ಆದರೆ ಹಾಡೆಂಬುದು ಕಾಗದದ ಮೇಲಿನ ಮಾತಲ್ಲ. ಸಂತೋಷದ ಪಲ್ಲವಿಯನ್ನು ಅವರು ಕೂರಿಸಿದುದು ಪಾಶ್ಚಾತ್ಯರು ವಿಷಾದಕ್ಕೆ ಸಲ್ಲಿಸುವ ಮೈನರ್ ಸ್ವರಮೇಳದ ಮೇಲೆ. ಆಲ್ಫಾ ಆಂಡರ್ಸನ್, ಲೂಸಿ ಮಾರ್ಟಿನ್ ಮೊದಲಾದ ಗಾಯಕಿಯರು ಅದನ್ನು ಉಬ್ಬಿ ಹಾಡುವುದಿಲ್ಲ. ಕಂಪನವಿಲ್ಲದೆ, ಒಟ್ಟುದನಿಯಲ್ಲಿ, ಸ್ವಲ್ಪ ತಣ್ಣಗೆ, ತಮಗೆ ತಾವೇ ಧೈರ್ಯ ಹೇಳಿಕೊಳ್ಳುವವರಂತೆ ಹಾಡುತ್ತಾರೆ. ಅವರ ಕೆಳಗೆ ಬೇಸು ಪ್ರತಿಸಾರಿಯೂ ನಿಂತು, ಯೋಚಿಸಿ, ಬಳಿಕ ನಡೆಯುತ್ತದೆ. ಗೂಢಾರ್ಥವು ಇಲ್ಲಿದೆ. ಸಂತೋಷವು ತಾನಾಗಿ ಬಂದುದಲ್ಲ, ಕಷ್ಟದ ನಡುವೆ ಹಟಮಾಡಿ ಉಳಿಸಿಕೊಂಡದ್ದು ಎಂಬುದನ್ನು ಮಾತು ಹೇಳದು, ನಾದ ಹೇಳುತ್ತದೆ. ಪಲ್ಲವಿಯ ಮೋಹಕತೆ ಅತಿಯಾಗಿ, ಈ ಒಳದನಿಯು ಅನೇಕರ ಕಿವಿಗೆ ಬೀಳದೆ ಹೋಯಿತೆಂಬುದು ನಿಜ. ಅದು ಕೃತಿಯ ದೋಷವೆಂದರೂ ಸಲ್ಲುವುದು.

ಹಾಡು ಅಟ್ಲಾಂಟಿಕ್ ಕಂಪೆನಿಯ ಮೂಲಕ ಜೂನಿನಲ್ಲಿ ಹೊರಬಂದಿತು. ಅದನ್ನೊಳಗೊಂಡ ‘ರಿಸ್ಕೇ’ ಎಂಬ ಸಂಪುಟವು ಜುಲೈಯಲ್ಲಿ ಬಂದಿತು. ಇವೆರಡರ ನಡುವೆ, ಜುಲೈ 12ರ ರಾತ್ರಿ, ಷಿಕಾಗೋ ನಗರದ ಕಮಿಸ್ಕಿ ಪಾರ್ಕಿನಲ್ಲಿ ಎರಡು ಬೇಸ್‌ಬಾಲ್ ಆಟಗಳ ನಡುವಿನ ವಿರಾಮದಲ್ಲಿ, ರೇಡಿಯೋ ನಿರೂಪಕ ಸ್ಟೀವ್ ಡಾಲ್ ಜನರು ತಂದ ಡಿಸ್ಕೋ ತಟ್ಟೆಗಳನ್ನು ಮೈದಾನದಲ್ಲಿ ಸಿಡಿಮದ್ದಿಟ್ಟು ಸಿಡಿಸಿದನು. ಸುಮಾರು 50 ಸಾವಿರ ಮಂದಿ ನೆರೆದಿದ್ದರು. ಜನರು ಮೈದಾನಕ್ಕೆ ನುಗ್ಗಿದುದರಿಂದ ಎರಡನೆಯ ಆಟವು ನಡೆಯಲೇ ಇಲ್ಲ. ಡಿಸ್ಕೋವನ್ನು ಬೆಳೆಸಿದವರು ಬಹುಮಟ್ಟಿಗೆ ಕರಿಯರು, ಲ್ಯಾಟಿನ್ ಅಮೆರಿಕದ ಮೂಲದವರು, ಸಲಿಂಗಪ್ರೇಮಿಗಳು. ಅಭಿರುಚಿಯ ಹೆಸರಿನಲ್ಲಿ ನಡೆದ ಆ ಗಲಭೆಯ ಬುಡದಲ್ಲಿ ಜನದ್ವೇಷವೂ ಸೇರಿದ್ದಿತೆಂದು ಅನೇಕ ವಿಮರ್ಶಕರು ತೀರ್ಮಾನಿಸಿದ್ದಾರೆ. ರಾಡ್ಜರ್ಸ್ ಅದನ್ನು ನಾಜಿಗಳ ಪುಸ್ತಕದಹನಕ್ಕೆ ಹೋಲಿಸಿದರು. ಕೃತಿಯ ಕುಲವನ್ನು ಕೇಳಿ ತಳ್ಳುವುದು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆಗಸ್ಟ್ 18ರಂದು ಪ್ರಕಟವಾದ ‘ಬಿಲ್‌ಬೋರ್ಡ್’ ಪತ್ರಿಕೆಯ ಪಟ್ಟಿಯಲ್ಲಿ ‘ಗುಡ್ ಟೈಮ್ಸ್’ ಮೊದಲನೆಯ ಸ್ಥಾನಕ್ಕೆ ಏರಿತು. ಅಲ್ಲಿ ಉಳಿದುದು ಒಂದೇ ವಾರ. ಮರುವಾರ ‘ದಿ ನ್ಯಾಕ್’ ಎಂಬ ರಾಕ್ ಮೇಳದ ‘ಮೈ ಶರೋನಾ’ ಅದನ್ನು ಕೆಳಗಿಳಿಸಿತು. ಆಮೇಲೆ ಶೀಕ್ ಮೇಳದ ಯಾವ ಹಾಡೂ ಆ ಪಟ್ಟಿಯ ಮೊದಲ 40ರೊಳಗೆ ಸೇರಲಿಲ್ಲ. ಡಿಸ್ಕೋ ಸತ್ತಿತೆಂದು ಎಲ್ಲರೂ ಬರೆದರು.

ಸತ್ತುದೆಂದು ಸಾರಿದ ಹಾಡು ಬೇರೆ ಕಡೆ ಚಿಗುರಿತು. ಬ್ರಾಂಕ್ಸಿನ ತರುಣರು ಆಗಲೇ ಎರಡೆರಡು ತಟ್ಟೆಗಳನ್ನು ಕೂಡಿಸಿ ತಿರುಗಿಸುತ್ತ, ಹಾಡುಗಳ ವಾದ್ಯಭಾಗವನ್ನು ಬೆಳೆಸಿ, ಅದರ ಮೇಲೆ ಲಯಬದ್ಧವಾಗಿ ಮಾತನಾಡುವ ಕಲೆಯನ್ನು ಕಟ್ಟಿದ್ದರು. 1979ರ ಸೆಪ್ಟೆಂಬರಿನಲ್ಲಿ ‘ಶುಗರ್‌ಹಿಲ್ ಗ್ಯಾಂಗ್’ ಎಂಬವರ ‘ರ್‍ಯಾಪರ್ಸ್ ಡಿಲೈಟ್’ ಬಂದಿತು. ಅದರ ತಳಹದಿಯು ‘ಗುಡ್ ಟೈಮ್ಸ್’ನ ಬೇಸಿನ ಸಾಲೇ. ಮೊದಲು ಕರ್ತೃಗಳ ಹೆಸರಿರಲಿಲ್ಲ; ರಾಡ್ಜರ್ಸ್ ಮತ್ತು ಎಡ್ವರ್ಡ್ಸ್ ಹಕ್ಕನ್ನು ಕೇಳಿದ ಮೇಲೆ ಅವರ ಹೆಸರನ್ನು ಸೇರಿಸಿದರು. 1980ರಲ್ಲಿ ಇಂಗ್ಲೆಂಡಿನ ‘ಕ್ವೀನ್’ ಎಂಬ ರಾಕ್ ಮೇಳವು ಅದೇ ಬಗೆಯ ಬೇಸಿನ ಹಾಡಿನಿಂದ ಅಮೆರಿಕದಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. 1981ರಲ್ಲಿ ಗ್ರಾಂಡ್‌ಮಾಸ್ಟರ್ ಫ್ಲಾಶ್ ತಟ್ಟೆಗಳಿಂದಲೇ ನೆಯ್ದ ತನ್ನ ಕೃತಿಯಲ್ಲಿ ಈ ಹಾಡನ್ನೂ ಬಳಸಿಕೊಂಡನು. ಇವರೆಲ್ಲರೂ ಆರಿಸಿಕೊಂಡದ್ದು ಪಲ್ಲವಿಯ ಮಾತನ್ನಲ್ಲ, ಅದರ ಕೆಳಗಿನ ನಡಿಗೆಯನ್ನು ಎಂಬುದು ಗಮನಾರ್ಹ. ಕಾಲವು ಹಾಡನ್ನು ಸೋಸಿ, ಯಾವುದು ಗಟ್ಟಿಯೋ ಅದನ್ನು ಉಳಿಸಿಕೊಂಡಿತು.

ಎಡ್ವರ್ಡ್ಸ್ 1996ರ ಏಪ್ರಿಲಿನಲ್ಲಿ ಟೋಕಿಯೋ ನಗರದಲ್ಲಿ, ರಾಡ್ಜರ್ಸರೊಡನೆ ಕಚೇರಿ ನಡೆಸಿದ ಬಳಿಕ, ತಮ್ಮ 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂರು ಮೀಟು, ಒಂದು ಮೌನ, ಒಂದು ನಡಿಗೆ: ಅವರು ಬಿಟ್ಟುಹೋದ ಆಸ್ತಿ ಇಷ್ಟು. ಕುಣಿತದ ಹಾಡು ಕುಣಿತದೊಡನೆ ಸಾಯುವುದೆಂದವರಿಗೆ ಅದೇ ಉತ್ತರವಾಗಿ ಉಳಿದಿದೆ.