ಕುಂಭಕರ್ಣನ ನಿದ್ರೆಯೂ ರೋಗವಿಚಾರವೂ

ಹಗಲಿನಲ್ಲಿ ತೂಕಡಿಸುವವನನ್ನು ಕುಂಭಕರ್ಣನೆಂದು ನಗುವುದು ಬ್ಯಾಡಗಿ, ಹಾವೇರಿಗಳ ಮಾತಿನಲ್ಲಿಯೂ ರೂಢವಾದ ವಾಡಿಕೆ. ಆ ರಾಕ್ಷಸನಲ್ಲಿಯೇ ನಿದ್ರಾರೋಗವನ್ನು ಹುಡುಕುವ ಪ್ರವೃತ್ತಿಯೂ ಇಂದು ಉಂಟು. ಇವೆರಡೂ ಸಮೀಚೀನವಲ್ಲವೆಂದು ನಾವು ಭಾವಿಸುತ್ತೇವೆ. ರಾಮಾಯಣದಲ್ಲಿ ಅವನ ಆರು ತಿಂಗಳ ನಿದ್ರೆ ಬ್ರಹ್ಮನ ಮಾತಿನಿಂದ ಬಂದುದು. ಅದು ಕಥಾಂಗವೇ ಹೊರತು ರೋಗಿಯ ವೃತ್ತಾಂತವಲ್ಲ.

ಚಾರ್ಲ್ಸ್ ಡಿಕನ್ಸನು 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯ ಜೋ ಎಂಬ ಹುಡುಗನ ವಿಷಯ ಬೇರೆ. ಸ್ಥೂಲಕಾಯ, ಕೆಂಪೇರಿದ ಮುಖ, ಗೊರಕೆ, ಕೆಲಸದ ನಡುವೆಯೇ ನಿದ್ರೆ: ಲೇಖಕನ ಉದ್ದೇಶ ಹಾಸ್ಯವಾದರೂ ಚಿತ್ರಣ ಸೂಕ್ಷ್ಮವಾದುದು. ಇಸ್ಪೀಟಿನ ಉತ್ತಮ ಎಲೆಗಳನ್ನು ಕೈಯಲ್ಲಿ ಹಿಡಿದೇ ನಿದ್ರೆಹೋದ ರೋಗಿಯೊಬ್ಬನನ್ನು 1956ರಲ್ಲಿ ವರ್ಣಿಸಿದ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಆ ರೋಗಕ್ಕೆ ಪಿಕ್‌ವಿಕ್ಕನ ಹೆಸರನ್ನೇ ಇಟ್ಟರು. ಇಂಥವರ ಉಸಿರು ನಿದ್ರೆಯಲ್ಲಿ ಪದೇ ಪದೇ ನಿಲ್ಲುವುದನ್ನು 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ತೋರಿಸಿದರು. ಸ್ಲೀಪ್ ಆಪ್ನಿಯ ಎಂಬುದು ಇದೇ. ನಗೆಯಿಂದ ರೋಗನಿರ್ಣಯಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

ಇದಕ್ಕೂ ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳಿಗೂ ಇರುವ ಸಂಬಂಧವೇನು? ಗಂಟಲಿನ ದಾರಿ ಮುಚ್ಚಿ ಉಸಿರು ನಿಂತಾಗ ರಕ್ತದ ಆಮ್ಲಜನಕ ಕುಗ್ಗುತ್ತದೆ, ನಿದ್ರೆ ಮುರಿಯುತ್ತದೆ, ರಕ್ತದೊತ್ತಡ ಏರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 709 ಜನರನ್ನು ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನವು, ಉಸಿರು ಹೆಚ್ಚು ನಿಲ್ಲುವವರಲ್ಲಿ ನಾಲ್ಕು ವರ್ಷಗಳ ಬಳಿಕ ಅಧಿಕ ರಕ್ತದೊತ್ತಡವು ಹೆಚ್ಚಾಗಿ ಕಂಡುದನ್ನು ತಿಳಿಸಿತು. ಆದರೆ ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳಗಳ ರೋಗವಿದ್ದ 2717 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಾಳಿಯೊತ್ತಡದ ಯಂತ್ರವು ಗೊರಕೆ, ಹಗಲುನಿದ್ರೆಗಳನ್ನು ತಗ್ಗಿಸಿತೇ ಹೊರತು ಹೃದಯಾಘಾತ, ಪಾರ್ಶ್ವವಾಯುಗಳನ್ನು ತಗ್ಗಿಸಲಿಲ್ಲ. ಅದನ್ನು ಬಳಸಿದ ಕಾಲವೂ ರಾತ್ರಿಗೆ ಸರಾಸರಿ ಮೂರು ಗಂಟೆಗಳಿಗಿಂತ ತುಸು ಹೆಚ್ಚಷ್ಟೇ. ಸ್ಥೂಲಕಾಯವು ಈ ಎಲ್ಲ ರೋಗಗಳಿಗೂ ಸಮಾನ ಹಿನ್ನೆಲೆಯಾಗಿರುವುದು ವಿಚಾರವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಆದುದರಿಂದ ಜೊತೆಯಲ್ಲಿ ಕಾಣುವುದೆಲ್ಲ ಕಾರಣವೆಂದು ಹೇಳಲಾಗದು.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯೊಡನೆ ಹೆಸರು ಬೆರೆತ ಕನಕದಾಸರ 'ರಾಮಧಾನ್ಯಚರಿತೆ' ಇಲ್ಲಿ ನೆನಪಾಗುತ್ತದೆ. ರಾಗಿ ಬತ್ತಗಳ ವ್ಯಾಜ್ಯವನ್ನು ರಾಮನು ಮೇಲ್ನೋಟಕ್ಕೆ ತೀರ್ಮಾನಿಸದೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸಿದನು. ರೋಗಸಂಬಂಧದ ನಿರ್ಣಯಕ್ಕೂ ಅಂಥ ತಾಳ್ಮೆ ಅವಶ್ಯ. ಆದರೆ ರೋಗಿಯನ್ನು ಕಾಯಿಸುವುದು ಯುಕ್ತವಲ್ಲ. ತರಗತಿಯಲ್ಲಿ ದಿನವೂ ತೂಕಡಿಸುವವನನ್ನೂ, ಗೊರಕೆಯ ನಡುವೆ ಉಸಿರುಗಟ್ಟಿ ಏಳುವ ಹಿರಿಯರನ್ನೂ ಕುಂಭಕರ್ಣನೆಂದು ನಗುವುದನ್ನು ಬಿಟ್ಟು ವೈದ್ಯರಲ್ಲಿಗೆ ಕಳುಹಿಸುವುದೇ ಯೋಗ್ಯ.