ಹೆಂಚಿನ ಮಾಡಿನಡಿ ಮಿಕ್ಸಿಂಗ್

ಮನೆಯಲ್ಲೇ ಕೂತು ಹಾಡು ಮಿಕ್ಸ್ ಮಾಡುವವರಿಗೆ ಯಾವ ಸ್ಪೀಕರ್ ಒಳ್ಳೆಯದು, ಯಾವ ಹೆಡ್‌ಫೋನ್ ಒಳ್ಳೆಯದು ಎಂದು ಹೇಳುವ ಪಟ್ಟಿಗಳಿಗೆ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಕಿಕ್ ಡ್ರಮ್, ಬೇಸ್ ಗಿಟಾರ್ ತುಂಬಿದ ಸಂಗೀತವನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ಕೊಪ್ಪ ತಾಲ್ಲೂಕಿನ ಕಮ್ಮರಡಿಯಂಥ ಊರಲ್ಲಿ ತಾಳಮದ್ದಲೆಯನ್ನೋ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಭಜನೆಯನ್ನೋ ಭಾವಗೀತೆಯನ್ನೋ ಧ್ವನಿಮುದ್ರಿಸಿ ಹದಕ್ಕೆ ತರುವವರಿಗೆ ಈ ಪಟ್ಟಿಗಳು ಅರ್ಧ ಉಪಯೋಗಕ್ಕೆ ಬರುತ್ತವೆ, ಅರ್ಧ ದಾರಿ ತಪ್ಪಿಸುತ್ತವೆ. ದಾರಿ ತಪ್ಪುವುದು ಮುಖ್ಯವಾಗಿ ಬೇಸ್ ವಿಷಯದಲ್ಲಿ.

ತಾಳಮದ್ದಲೆಯಲ್ಲಿ ಪದ್ಯ ಹೇಳುವ ಭಾಗವತರು ಹಾರ್ಮೋನಿಯಮಿನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತಿದ್ದಾರೆ ಎಂದುಕೊಳ್ಳೋಣ. ಗಂಡುದನಿಗೆ ಆ ಷಡ್ಜ ಸುಮಾರು 138 ಹರ್ಟ್ಸ್, ತಾರಷಡ್ಜ 277. ಪದ್ಯದ ಅಕ್ಷರ ಬಿಡಿಬಿಡಿಯಾಗಿ ಕೇಳಬೇಕಾದರೆ 2,000ದಿಂದ 4,000 ಹರ್ಟ್ಸ್ ನಡುವಿನ ಭಾಗ ಚೊಕ್ಕವಾಗಿರಬೇಕು. ಚಂಡೆಯ ಪೆಟ್ಟಿನ ಚೂಪು, ತಾಳದ ಕಿಣಿಕಿಣಿ ಅಲ್ಲಿಂದ ಮೇಲಕ್ಕೂ ಹೋಗುತ್ತವೆ. 70 ಹರ್ಟ್ಸ್‌ಗಿಂತ ಕೆಳಗೆ ಈ ಕಲೆಗೆ ಬೇಕಾದದ್ದು ಬಹಳ ಕಡಿಮೆ. ಮೈಕಿನಲ್ಲಿ ಅಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಹಲಗೆ ಮೇಲೆ ಯಾರೋ ಕಾಲಿಟ್ಟ ಗುಡುಗು, ಫ್ಯಾನಿನ ಗಾಳಿ, ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಕಾರ. ಹಾಗಿದ್ದಮೇಲೆ ಐದಿಂಚಿನ ವೂಫರ್ ಸಾಲದು, ಎಂಟಿಂಚಿನದೇ ಬೇಕು, ಜೊತೆಗೊಂದು ಸಬ್‌ವೂಫರ್ ಬೇಕು ಎಂಬ ಸಲಹೆಗೆ ನಮ್ಮ ಕಡೆಯವರು ಹಣ ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನೂ ಓದಲು ಕಲಿಯಬೇಕು. ಬಹಳ ಮನೆಗಳಲ್ಲಿ ಕಾಣುವ ಯಮಾಹಾ ಎಚ್‌ಎಸ್5ನ ವ್ಯಾಪ್ತಿ 54 ಹರ್ಟ್ಸ್‌ನಿಂದ ಶುರು ಎಂದು ಇರುತ್ತದೆ. ಅದು ಧ್ವನಿ 10 ಡೆಸಿಬಲ್ ಕುಸಿದ ಜಾಗದ ಲೆಕ್ಕ. 3 ಡೆಸಿಬಲ್ ಕುಸಿತಕ್ಕೆ ಅಳೆದರೆ ಅದೇ ಸ್ಪೀಕರ್ ನಿಲ್ಲುವುದು 74 ಹರ್ಟ್ಸ್‌ನಲ್ಲಿ. ಎಷ್ಟು ಕುಸಿತಕ್ಕೆ ಎಂದು ಹೇಳದೆ ಬರೀ ವ್ಯಾಪ್ತಿಯನ್ನು ಸಾರುವ ಮಾಲನ್ನು ನಂಬಿ ಕೊಳ್ಳಬಾರದು. ತಾಳಮದ್ದಲೆಗಂತೂ ಆ 74 ಧಾರಾಳ.

ಮಧ್ಯದ ಸ್ವರಗಳೇ ಹಾಡನ್ನು ಉಳಿಸುತ್ತವೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವುಡರು ತೀರಿಕೊಂಡದ್ದು 1990ರಲ್ಲಿ. ಅವರ ಕ್ಯಾಸೆಟ್ಟುಗಳು ಪ್ರತಿಯಿಂದ ಪ್ರತಿಯಾಗಿ, ಮೇಲಿನ ಹೊಳಪನ್ನೂ ಕೆಳಗಿನ ಗಾತ್ರವನ್ನೂ ಕಳೆದುಕೊಂಡು ಮಲೆನಾಡು ತಿರುಗಿದವು. ಹಾಗಿದ್ದೂ ಆ ದನಿಯ ಬೀಸು, ಉಚ್ಚಾರ ಇವತ್ತಿಗೂ ಮೈನವಿರೇಳಿಸುತ್ತವೆ. ದೊಡ್ಡ ಸ್ಟುಡಿಯೋದವರು ಇದೇ ಸತ್ಯವನ್ನು ಬೇರೆ ದಾರಿಯಿಂದ ಕಂಡುಕೊಂಡರು. ಯಮಾಹಾ 1978ರಲ್ಲಿ ಮನೆಬಳಕೆಗೆಂದು ತಂದ ಎನ್‌ಎಸ್-10 ಸ್ಪೀಕರ್ ಮನೆಗಳಲ್ಲಿ ಅಷ್ಟೇನೂ ಹೆಸರು ಮಾಡಲಿಲ್ಲ. ಆಮೇಲೆ ಅದರ ಬಿಳಿ ಕೋನು ಜಗತ್ತಿನ ಸ್ಟುಡಿಯೋಗಳ ಮೇಜಿನ ಮೇಲೆ ಕೂತಿತು, 2001ರಲ್ಲಿ ತಯಾರಿಕೆ ನಿಲ್ಲುವವರೆಗೂ, ಆಮೇಲೂ. ಅದರಲ್ಲಿ ಬೇಸ್ ಕಡಿಮೆ. ಮಧ್ಯಭಾಗವನ್ನಂತೂ ಎತ್ತಿ ತೋರಿಸುತ್ತದೆ, ಅಲ್ಲಿಯ ತಪ್ಪು ಕಿವಿಗೆ ಚುಚ್ಚುತ್ತದೆ. ಜನ ಅದನ್ನು ಇಟ್ಟುಕೊಂಡದ್ದು ಇದಕ್ಕಾಗಿಯೇ.

ಸ್ಪೀಕರ್ ಎಷ್ಟೇ ನಿಷ್ಠುರವಾಗಿದ್ದರೂ ಕೋಣೆ ಸುಳ್ಳು ಹೇಳುತ್ತದೆ. ಹತ್ತಡಿಗೆ ಹನ್ನೆರಡಡಿಯ ಕೋಣೆ ತೆಗೆದುಕೊಳ್ಳಿ. ಹನ್ನೆರಡಡಿ ಉದ್ದಕ್ಕೆ ಸುಮಾರು 47 ಹರ್ಟ್ಸ್‌ನಲ್ಲಿ ಮೊದಲ ಅನುರಣನ, ಅದರ ಮೂರು ಪಟ್ಟು ಅಂದರೆ 141ರಲ್ಲಿ ಮತ್ತೊಂದು. ಈ 141 ಕಪ್ಪು ಒಂದರ ಷಡ್ಜಕ್ಕೆ ಅಂಟಿಕೊಂಡೇ ಇದೆ! ಗೋಡೆಗೆ ಬೆನ್ನು ಕೊಟ್ಟು ಕೂತರೆ ಷಡ್ಜ ಉಬ್ಬಿ ಬರುತ್ತದೆ. ಉದ್ದದ ನಟ್ಟನಡುವೆ ಕೂತರೆ ಸೊರಗುತ್ತದೆ. ಸೊರಗಿದ್ದನ್ನು ಕೇಳಿದವರು ಈಕ್ವಲೈಜರಿನಲ್ಲಿ ಎತ್ತುತ್ತಾರೆ, ಆ ಹಾಡು ಬೇರೆ ಮನೆಯಲ್ಲಿ ಗವ್ವೆನ್ನುತ್ತದೆ. ಆದ್ದರಿಂದ ಸ್ಪೀಕರುಗಳನ್ನು ಗಿಡ್ಡ ಗೋಡೆಯ ಕಡೆಗಿಟ್ಟು, ಉದ್ದದಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹಿಂದೆ ಕೂತು ಕೇಳಿ, ಅಲ್ಲಿಂದ ಅತ್ತಿತ್ತ ಸರಿದು ಶ್ರುತಿ ಏರಿಳಿಯದ ಜಾಗ ಹುಡುಕಬೇಕು. ಮೂಲೆ ಬೇಡವೇ ಬೇಡ.

ಹಳೆಯ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ಮಣ್ಣಿನ ಗೋಡೆ, ಮರದ ಅಟ್ಟ, ಸಮಾನಾಂತರವಲ್ಲದ ಮಾಡು ಇವೆಲ್ಲ ಸೇರಿ ಧ್ವನಿಯನ್ನು ಚದುರಿಸುತ್ತವೆ, ಒಂದಿಷ್ಟು ನುಂಗುತ್ತವೆ. ಹೊಸ ತಾರಸಿ ಮನೆಯ ನುಣುಪು ಗೋಡೆ, ಟೈಲ್ಸ್ ನೆಲದಲ್ಲಿ ಒಂದು ಚಪ್ಪಾಳೆ ಹೊಡೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಗೋಡೆಗೆ ಕಂಬಳಿ ನೇತುಹಾಕಿದರೆ ಆ ಕಿಣುಕು ಕಡಿಮೆಯಾದೀತು, ಆದರೆ ಕೆಳಸ್ವರದ ಉಬ್ಬು ಕಂಬಳಿಗೆ ಬಗ್ಗುವುದಿಲ್ಲ. ಅದಕ್ಕೆ ದಪ್ಪ ಬೇಕು, ಮೂಲೆಗೆ ಸುತ್ತಿ ನಿಲ್ಲಿಸಿದ ಹತ್ತಿ ಹಾಸಿಗೆಯಾದರೂ ಬೇಕು.

ಇಷ್ಟೆಲ್ಲ ಹೊಂದಿಸಿದ ಮೇಲೂ ಮಳೆಗಾಲ ಬರುತ್ತದೆ. ಆಗುಂಬೆಯ ಮಗ್ಗುಲಿನ ಈ ಸೀಮೆಯಲ್ಲಿ ಜೂನ್‌ನಿಂದ ಹೆಂಚಿನ ಮೇಲೆ ಬೀಳುವ ಮಳೆ ಎಲ್ಲ ಸ್ವರಗಳನ್ನೂ ಒಟ್ಟಿಗೆ ಮುಚ್ಚುತ್ತದೆ. ಅದನ್ನು ಮೀರಲು ಸ್ಪೀಕರಿನ ಸದ್ದು ಏರಿಸುವುದೇ ದೊಡ್ಡ ಅಪಾಯ. ಸದ್ದು ಏರಿದಂತೆ ಕಿವಿಗೆ ತಗ್ಗಿನ ಸ್ವರ ಹೆಚ್ಚು ತುಂಬಿ ಕೇಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಜೋರು ಸದ್ದಿನಲ್ಲಿ ಮೈತುಂಬಿಕೊಂಡಂತೆ ಕಂಡ ಮದ್ದಲೆ, ಮಳೆ ನಿಂತ ರಾತ್ರಿ ಮೆಲ್ಲಗೆ ಕೇಳಿದರೆ ಬಡಕಲು. ಮಳೆಯ ಜೊತೆಗೆ ಕರೆಂಟೂ ಹೋಗುತ್ತದೆ. ಸ್ಪೀಕರ್ ಮೂಕವಾಗುತ್ತದೆ, ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ನಡೆಯುವ ಆಡಿಯೊ ಇಂಟರ್‌ಫೇಸಿಗೆ ಹೆಡ್‌ಫೋನ್ ಸಿಕ್ಕಿಸಿದವರ ಕೆಲಸ ನಿಲ್ಲುವುದಿಲ್ಲ.

ಹೀಗಾಗಿ ನಮ್ಮ ಕಡೆ ಮೊದಲು ಕೊಳ್ಳಬೇಕಾದದ್ದು ಹೆಡ್‌ಫೋನ್ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವುದು? ಸೆನ್ಹೈಸರ್ ಎಚ್‌ಡಿ 600 1997ರಿಂದ ಇದೆ. ದನಿಯ ವಿಷಯದಲ್ಲಿ ಅಷ್ಟು ನಂಬಬಹುದಾದದ್ದು ಕಡಿಮೆ, ಭಾಗವತರ ಗಂಟಲಿನ ಸಣ್ಣ ಒಡಕೂ ಅದರಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ. ಆದರೆ ಅದು ತೆರೆದ ಬೆನ್ನಿನದು, ಮಳೆ ನೇರ ಒಳಗೆ ಬರುತ್ತದೆ. ನವೆಂಬರಿನಿಂದ ಮೇವರೆಗಿನ ರಾತ್ರಿಗಳಿಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಬೇಡ. ಮಳೆಗಾಲಕ್ಕೆ ಮುಚ್ಚಿದ ಬೆನ್ನಿನದೇ ಆಗಬೇಕು. ಸೋನಿ ಎಂಡಿಆರ್-7506 ಕೈಗೆಟುಕುವ ಬೆಲೆಯದು, 63 ಓಮ್‌ನದಾದ್ದರಿಂದ ಸಣ್ಣ ಇಂಟರ್‌ಫೇಸೂ ಅದನ್ನು ಸುಲಭವಾಗಿ ನಡೆಸುತ್ತದೆ. ಅದರ ಮೇಲ್‌ಸ್ವರ ಚುರುಕು: ಮೈಕಿನ ಚಟಪಟ, ಸಕಾರದ ಸೀಟಿ, ಜೋಡಿಸಿದ ಜಾಗದ ಬಿರುಕು ಹುಡುಕಲು ಬಹಳ ಒಳ್ಳೆಯದು. ಚಂಡೆ, ತಾಳಗಳ ಮಟ್ಟವನ್ನು ಮಾತ್ರ ಅದನ್ನೊಂದೇ ನಂಬಿ ತೀರ್ಮಾನಿಸಬಾರದು. ಚೂಪು ಹೆಚ್ಚೆನಿಸಿ ಅವನ್ನು ತಗ್ಗಿಸಿಬಿಡುತ್ತೇವೆ, ಕೇಳುವವರಿಗೆ ಚಂಡೆ ಮಂಕಾಗಿ ಹೋಗುತ್ತದೆ. ಬೇಯರ್‌ಡೈನಮಿಕ್ ಡಿಟಿ 990 ಪ್ರೊ ಬಗ್ಗೆಯೂ ಇದೇ ಎಚ್ಚರ ಬೇಕು. ಅದರ 250 ಓಮ್ ಮಾದರಿಗೆ ಬಲವಾದ ಆಂಪ್ಲಿಫೈಯರ್ ಕೂಡ ಬೇಕು. ಯಾವುದನ್ನೇ ಕೊಂಡರೂ ಇಲ್ಲಿಯ ತೇವಕ್ಕೆ ಕಿವಿಮೆತ್ತೆ ಬೂಷ್ಟು ಹಿಡಿಯುತ್ತದೆ. ಬಿಡಿಮೆತ್ತೆ ಸಿಗುವ ಮಾದರಿಯನ್ನೇ ಆರಿಸಿ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು.

ಹೆಡ್‌ಫೋನ್ ಮೋಸ ಮಾಡುವ ಒಂದು ಜಾಗ ತಾಳಮದ್ದಲೆಯಲ್ಲಿ ಬಹಳ ಮುಖ್ಯ. ಪಾತ್ರಗಳ ಮಾತನಾಡುವ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ, ನಡುವೆ ಹಾಡುವ, ಬಾರಿಸುವ ಹಿಮ್ಮೇಳ. ಆ ಕೂಟದ ಚಿತ್ರ ಮೂಡಿಸಬೇಕೆಂದು ಕೃಷ್ಣನನ್ನು ಪೂರ್ತಿ ಎಡಕ್ಕೂ ಭೀಷ್ಮನನ್ನು ಪೂರ್ತಿ ಬಲಕ್ಕೂ ತಳ್ಳುವುದುಂಟು. ಸ್ಪೀಕರಿನಲ್ಲಿ ಎರಡು ಕಿವಿಗೂ ಎರಡೂ ಧ್ವನಿ ತಲುಪುವುದರಿಂದ ಅದು ಎದುರಿಗೆ ಹರಡಿದ ಕೂಟದಂತೆ ಕೇಳುತ್ತದೆ. ಹೆಡ್‌ಫೋನಿನಲ್ಲಿ ಒಂದು ಕಿವಿಯದು ಇನ್ನೊಂದಕ್ಕೆ ಹೋಗುವುದಿಲ್ಲ. ಅರ್ಧ ಗಂಟೆಯ ಸಂವಾದ ಒಂದೇ ಕಿವಿಯೊಳಗೆ ಕೂತು ಕೊರೆಯುತ್ತದೆ. ಪಾತ್ರಗಳನ್ನು ಒಳಕ್ಕೆ ತಂದು, ಎಷ್ಟು ಅಂತರ ಸಾಕು ಎಂಬುದನ್ನು ಸ್ಪೀಕರಿನಲ್ಲೇ ತೀರ್ಮಾನಿಸಬೇಕು. ಐದಿಂಚಿನ ಒಂದು ಜೊತೆ ಎರಡನೆಯದಾಗಿ ಮನೆಗೆ ಬರಬೇಕಾದದ್ದು ಈ ಕೆಲಸಕ್ಕೆ. ಹಿಂದೆ ರಂಧ್ರವಿರುವ ಸ್ಪೀಕರಾದರೆ ಗೋಡೆಗೆ ಒತ್ತಿ ಇಡಬಾರದು, ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಪ್ಲಗ್ ಕಿತ್ತಿಡಬೇಕು.

ಕೊನೆಗೆ ಈ ಹಾಡು ಹೆಚ್ಚಿನವರ ಕಿವಿಗೆ ಬೀಳುವುದು ಮೊಬೈಲಿನ ಪುಟ್ಟ ಸ್ಪೀಕರಿನಿಂದ, ಜೀಪಿನ ಡ್ಯಾಶ್‌ಬೋರ್ಡಿನಿಂದ, ದೇವಸ್ಥಾನದ ಹಾರ್ನಿನಿಂದ. ಹಾರ್ನಿನಲ್ಲಿ ಎಡಬಲವಿಲ್ಲ, ಬೇಸೂ ಇಲ್ಲ. ಎರಡೂ ಚಾನೆಲ್ ಒಂದು ಮಾಡಿ, ಮೊಬೈಲಿನಲ್ಲಿ ಸಣ್ಣಗೆ ಹಾಕಿ, ಪಕ್ಕದ ಕೋಣೆಯಲ್ಲಿ ನಿಂತು ಕೇಳಿ: ಪದ್ಯದ ಅಕ್ಷರ ತಿಳಿಯದಿದ್ದರೆ ಚಂಡೆಯನ್ನೂ ಹಾರ್ಮೋನಿಯಮನ್ನೂ ಇಳಿಸಿ ಮತ್ತೆ ಕೂರಬೇಕು.